ಟಿವಿಯಲ್ಲಿ ಚಿತ್ರ ಬಂತು, ಸೌಂಡ್ ಎಲ್ಲಿ ಹೋಯಿತು?

ಟಿವಿ ಸ್ಮಾರ್ಟ್ ಅಲ್ಲ ಅಂತ ಹೊಸದು ತರಬೇಕಿಲ್ಲ. ಲ್ಯಾಪ್‌ಟಾಪ್ ಇದ್ದರೆ ಒಂದು ಎಚ್‌ಡಿಎಂಐ ಕೇಬಲ್ ಸಾಕು. ಸಿನಿಮಾ, ಕ್ರಿಕೆಟ್ ಎಲ್ಲಾ ದೊಡ್ಡ ಪರದೆಗೆ ಬರುತ್ತದೆ. ಆದರೆ ನಮ್ಮ ಹುಬ್ಬಳ್ಳಿ ಕಡೆ ಜನ ಎಡವುವುದು ಒಂದೇ ಜಾಗದಲ್ಲಿ. "ಚಿತ್ರ ಬಂತ್ರೀ, ಸೌಂಡ್ ಬರವಲ್ದು" ಅಂತ ಫೋನ್ ಮಾಡುತ್ತಾರೆ. ಅಷ್ಟೊತ್ತಿಗೆ ಕೊಪ್ಪಿಕರ್ ರಸ್ತೆಗೆ ಹೋಗಿ ಇನ್ನೊಂದು ಕೇಬಲ್ ತಂದಾಗಿರುತ್ತದೆ. ಪಾಪ, ಮೊದಲಿನ ಕೇಬಲ್‌ನದು ಏನೂ ತಪ್ಪಿರುವುದಿಲ್ಲ.

ಮೊದಲು ಕೇಬಲ್ ವಿಚಾರ ಮುಗಿಸೋಣ. ಒಂದೂವರೆ ಮೀಟರಿನದು ತರಬೇಡಿ. ಟಿವಿ ಗೋಡೆ ಮೇಲಿದ್ದರೆ ಲ್ಯಾಪ್‌ಟಾಪ್ ಅರ್ಧಕ್ಕೇ ಜೋತಾಡುತ್ತದೆ. ಮೂರು ಮೀಟರ್ ತೊಗೊಳ್ಳಿ, ಸೋಫಾ ದೂರವಿದ್ದರೆ ಐದು. ಚಿನ್ನದ ಲೇಪನ ಅಂತ ಜಾಸ್ತಿ ದುಡ್ಡು ಕೇಳಿದರೆ ನಕ್ಕು ಮುಂದೆ ಹೋಗಿ. ಎಚ್‌ಡಿಎಂಐನಿಂದ ವಿಜಿಎಗೆ (ಹಳೆಯ ಮಾನಿಟರ್‌ಗಳ ತಂತಿ) ಬದಲಿಸುವ ಸಣ್ಣ ಡಬ್ಬಿಯನ್ನಂತೂ ಮುಟ್ಟಲೇಬೇಡಿ. ವಿಜಿಎ ತಂತಿಯಲ್ಲಿ ಸೌಂಡ್ ಹೋಗುವುದೇ ಇಲ್ಲ. ಮೇಲಾಗಿ ಓಟಿಟಿ ವಿಡಿಯೊಗಳಿಗೆ ನಕಲು ತಡೆಯಲು ಎಚ್‌ಡಿಸಿಪಿ ಅನ್ನುವ ಬೀಗ ಇರುತ್ತದೆ. ಅಂಥ ಡಬ್ಬಿ ನಡುವೆ ಬಂದರೆ ಎಷ್ಟೋ ಸಲ ಪರದೆ ಕಪ್ಪಗಾಗಿ ಕೂರುತ್ತದೆ. ಲ್ಯಾಪ್‌ಟಾಪ್‌ನಲ್ಲಿ ಬರೀ ಟೈಪ್-ಸಿ ಇದ್ದರೆ ಅದು ಚಿತ್ರ ಕಳಿಸುತ್ತದೋ ಇಲ್ಲವೋ ಕೇಳಿಕೊಂಡೇ ಅಡಾಪ್ಟರ್ ತನ್ನಿ. ಕೆಲವು ಬರೀ ಚಾರ್ಜಿಂಗ್‌ಗೆ ಮತ್ತು ಪೆನ್‌ಡ್ರೈವ್‌ಗೆ ಅಷ್ಟೆ.

ಕೇಬಲ್ ಸಿಕ್ಕಿಸಿ. ಟಿವಿ ಹಿಂದೆ ಎಚ್‌ಡಿಎಂಐ 1, 2 ಅಂತ ಬರೆದಿರುತ್ತದೆ. ರಿಮೋಟ್‌ನ ಸೋರ್ಸ್ ಬಟನ್ ಒತ್ತಿ ಅದೇ ನಂಬರ್ ಆರಿಸಿ. ಲ್ಯಾಪ್‌ಟಾಪ್‌ನಲ್ಲಿ ವಿಂಡೋಸ್ ಕೀ ಜೊತೆ ಪಿ ಒತ್ತಿ, ಡುಪ್ಲಿಕೇಟ್ ಅನ್ನಿ. ಚಿತ್ರ ಬಂತು.

ಈಗ ಸೌಂಡ್. ಎಚ್‌ಡಿಎಂಐ ತಂತಿ ಒಂದರಲ್ಲೇ ಚಿತ್ರ, ಧ್ವನಿ ಎರಡೂ ಹೋಗುತ್ತವೆ. ಆದರೆ ಧ್ವನಿಯನ್ನು ಯಾವ ಕಡೆ ಬಿಡಬೇಕು ಅಂತ ತೀರ್ಮಾನ ಮಾಡುವುದು ಲ್ಯಾಪ್‌ಟಾಪ್. ಅದು ಹಳೆಯ ಕಡೆಗೇ ಬಿಡುತ್ತಿರುತ್ತದೆ. ಪರದೆಯ ಬಲಗಡೆ ಕೆಳಮೂಲೆಯ ಸ್ಪೀಕರ್ ಚಿಹ್ನೆ ಒತ್ತಿ. ವಾಲ್ಯೂಮ್ ಗೆರೆಯ ಪಕ್ಕದಲ್ಲೋ ಮೇಲೋ ಒಂದು ಪುಟ್ಟ ಬಾಣದ ಗುರುತಿದೆ. ಎಲ್ಲರೂ ಗೆರೆ ಎಳೆದಾಡುತ್ತಾರೆ, ಆ ಬಾಣವನ್ನು ಯಾರೂ ನೋಡುವುದಿಲ್ಲ. ಅದನ್ನು ಒತ್ತಿದರೆ ಪಟ್ಟಿ ತೆರೆಯುತ್ತದೆ. ಅಲ್ಲಿ ಟಿವಿ ಕಂಪನಿಯ ಹೆಸರಿದ್ದರೆ ಆರಿಸಿ. ಕೆಲವು ಕಡೆ ಅದರ ಜೊತೆಗೆ ಇಂಟೆಲ್, ಎನ್‌ವಿಡಿಯಾ ಅಂತಲೂ ಇರುತ್ತದೆ, ಗಾಬರಿ ಬೇಡ. ಬ್ಲೂಟೂತ್ ಇಯರ್‌ಫೋನ್ ಅಲ್ಲಿ ಕಂಡರೆ ಎದ್ದು ಹೋಗಿ ಅದನ್ನು ಡಬ್ಬಿಗೆ ಹಾಕಿ ಮುಚ್ಚಿ. ಪಕ್ಕದ ಕೋಣೆಯ ಹಾಸಿಗೆ ಮೇಲೆ ಬಿದ್ದ ಇಯರ್‌ಫೋನ್ ಒಂದೇ ಪೂರ್ತಿ ಸಿನಿಮಾ ಕೇಳುತ್ತಿರುವ ಮನೆಗಳೂ ಇವೆ.

ಪಟ್ಟಿಯಲ್ಲಿ ಟಿವಿ ಇಲ್ಲವೇ? ಟಿವಿ ಆನ್ ಇರುವಾಗಲೇ ಕೇಬಲ್ ಬಿಚ್ಚಿ ಮತ್ತೆ ಹಾಕಿ. ಆಗಲೂ ಇಲ್ಲದಿದ್ದರೆ ವಿಂಡೋಸ್ ಕೀ ಜೊತೆ ಆರ್ ಒತ್ತಿ, ಎಂಎಂಎಸ್‌ವೈಎಸ್ ಡಾಟ್ ಸಿಪಿಎಲ್ (mmsys.cpl) ಅಂತ ಇಂಗ್ಲಿಷಿನಲ್ಲಿ ಟೈಪ್ ಮಾಡಿ ಎಂಟರ್ ಒತ್ತಿ. ಖಾಲಿ ಜಾಗದಲ್ಲಿ ರೈಟ್ ಕ್ಲಿಕ್ ಮಾಡಿ 'ಶೋ ಡಿಸೇಬಲ್ಡ್ ಡಿವೈಸಸ್' ಆರಿಸಿ. ಮಸುಕಾಗಿ ಕಾಣುವ ಟಿವಿ ಹೆಸರನ್ನು ಎನೇಬಲ್ ಮಾಡಿ. ಎಲ್ಲಾ ಸರಿಯಿದ್ದೂ ಸೌಂಡ್ ಬಾರದಿದ್ದರೆ ವಿಡಿಯೊ ಪುಟವನ್ನು ಒಮ್ಮೆ ರಿಫ್ರೆಶ್ ಮಾಡಿ. ಆಮೇಲೆ ರಿಮೋಟ್‌ನ ಮ್ಯೂಟ್ ಬಟನ್ ನೋಡಿ. ನಗಬೇಡಿ, ನೋಡಿ. ನಡುವೆ ಕರೆಂಟ್ ಹೋಗಿ ಬಂದರೆ ಸೌಂಡ್ ಮತ್ತೆ ಲ್ಯಾಪ್‌ಟಾಪ್‌ಗೇ ಹೋಗಿರಬಹುದು, ಅದೇ ಬಾಣ ಮತ್ತೆ ಒತ್ತಬೇಕು.

ಕ್ರಿಕೆಟ್ ಸ್ಕೋರಿನ ಪಟ್ಟಿ ಅಂಚಿನಲ್ಲಿ ಕತ್ತರಿಸಿದಂತೆ ಕಂಡರೆ ಟಿವಿಯ ಪಿಕ್ಚರ್ ಸೈಜ್‌ನಲ್ಲಿ ಜಸ್ಟ್ ಸ್ಕ್ಯಾನ್ ಅಥವಾ ಸ್ಕ್ರೀನ್ ಫಿಟ್ ಆರಿಸಿ. ಮೊಬೈಲ್‌ಗೆ ಮಾತ್ರ ಅಂತ ಕೊಟ್ಟ ಓಟಿಟಿ ಪ್ಲ್ಯಾನ್ ಲ್ಯಾಪ್‌ಟಾಪ್‌ನಲ್ಲಿ ಓಡುವುದಿಲ್ಲ, ಅದಕ್ಕೆ ಕೇಬಲ್ ಬೈಯಬೇಡಿ. ವಿಂಡೋಸ್ ಕೀ ಜೊತೆ ಕೆ ಒತ್ತಿ ತಂತಿಯಿಲ್ಲದೆಯೂ ಕೆಲವು ಟಿವಿಗಳಿಗೆ ಜೋಡಿಸಬಹುದು. ಆದರೆ ನಡುನಡುವೆ ತಡವರಿಸುತ್ತದೆ, ನನಗಂತೂ ಸೇರುವುದಿಲ್ಲ.

ಚಾರ್ಜರ್ ಹಾಕಿಯೇ ನೋಡಿ. ಮುಚ್ಚಳ ಮುಚ್ಚಿಟ್ಟು ನೋಡಬೇಕೆಂದರೆ ಪವರ್ ಆಪ್ಷನ್ಸ್‌ನಲ್ಲಿ ಮುಚ್ಚಳ ಮುಚ್ಚಿದಾಗ ಏನಾಗಬೇಕು ಅನ್ನುವ ಕಡೆ 'ಡು ನಥಿಂಗ್' ಇಡಬೇಕು. ಹಾಗೆ ಇಟ್ಟವರು ಮರುದಿನ ಬ್ಯಾಗಿಗೆ ಹಾಕುವ ಮುಂಚೆ ಶಟ್‌ಡೌನ್ ಮಾಡಿ. ಇಲ್ಲದಿದ್ದರೆ ಮುಚ್ಚಿದ ಮೇಲೂ ಒಳಗೇ ಓಡುತ್ತಾ ಬಿಸಿಯಾಗುತ್ತದೆ.