ಮಹಡಿಗೊಂದು ಎರಡನೇ ರೂಟರ್: ಅಡ್ವಾನ್ಸ್‌ಡ್ ಸೆಟ್ಟಿಂಗ್‌ಗಳಲ್ಲಿ ಯಾವುದನ್ನು, ಯಾವ ಕ್ರಮದಲ್ಲಿ ಬದಲಿಸಬೇಕು

ಕೆಳಗಿನ ಹಾಲ್‌ನಲ್ಲಿ ಫೈಬರ್ ಕಂಪನಿಯವರು ಕೂರಿಸಿದ ಬಾಕ್ಸ್, ಮಹಡಿ ಕೋಣೆಗೆ ಅಂಗಡಿಯಿಂದ ತಂದ ಇನ್ನೊಂದು ರೂಟರ್. ಎರಡಂತಸ್ತಿನ ಮನೆಗಳಲ್ಲಿ ಈಗ ಇದೇ ವಾಡಿಕೆಯ ಜೋಡಣೆ. ಕಬ್ಬಿಣದ ಸರಳು ತುಂಬಿದ ಆರ್‌ಸಿಸಿ ಸ್ಲ್ಯಾಬ್ ದಾಟಿ ಬರುವಷ್ಟರಲ್ಲಿ 5 ಗಿಗಾಹರ್ಟ್ಸ್ ಸಿಗ್ನಲ್ ಸೊರಗಿಹೋಗಿರುತ್ತದೆ, ಆದ್ದರಿಂದ ಎರಡನೇ ರೂಟರ್ ತರುವುದು ಸರಿಯಾದ ನಿರ್ಧಾರವೇ. ಆದರೆ ಹೊಸದನ್ನು ಸುಮ್ಮನೆ ಸಿಕ್ಕಿಸಿಬಿಟ್ಟರೆ ಎರಡೂ ಪೆಟ್ಟಿಗೆಗಳು ಮನೆಗೆ ತಾನೇ ಯಜಮಾನ ಎಂಬಂತೆ ಐಪಿ ವಿಳಾಸ (ನೆಟ್‌ವರ್ಕ್‌ನಲ್ಲಿ ಪ್ರತಿ ಉಪಕರಣದ ಸಂಖ್ಯೆ) ಹಂಚಲು ಶುರುಮಾಡುತ್ತವೆ. ಮಹಡಿಯ ಲ್ಯಾಪ್‌ಟಾಪ್‌ಗೆ ಕೆಳಗಿನ ಪ್ರಿಂಟರ್ ಕಾಣುವುದಿಲ್ಲ, ಕ್ಯಾಮೆರಾ ಆಗಾಗ ಆಫ್‌ಲೈನ್ ಆಗುತ್ತದೆ. ಆಮೇಲೆ ಚಾನೆಲ್ ಬದಲಿಸಿ, ಡಿಎನ್ಎಸ್ (ಸೈಟಿನ ಹೆಸರಿಗೆ ಐಪಿ ವಿಳಾಸ ಹುಡುಕಿಕೊಡುವ ಸೇವೆ) ಬದಲಿಸಿ ಎಷ್ಟು ಪರದಾಡಿದರೂ ಪ್ರಯೋಜನವಿಲ್ಲ. ಮೊದಲು ಯಜಮಾನ ಯಾರೆಂದು ತೀರ್ಮಾನವಾಗಬೇಕು, ಉಳಿದದ್ದೆಲ್ಲ ಆಮೇಲೆ.

ಕೈ ಹಾಕುವ ಮುನ್ನ

ರೂಟರ್‌ನ ತಳದಲ್ಲಿ ಅಂಟಿಸಿರುವ ಚೀಟಿಯ ಫೋಟೋ ತೆಗೆದಿಟ್ಟುಕೊಳ್ಳಿ. ಬ್ರೌಸರ್‌ನಲ್ಲಿ ಟೈಪ್ ಮಾಡುವ ಲಾಗಿನ್ ವಿಳಾಸ (ಸಾಮಾನ್ಯವಾಗಿ 192.168.1.1 ಅಥವಾ 192.168.0.1), ಅಡ್ಮಿನ್ ಪಾಸ್‌ವರ್ಡ್, ಮಾಡೆಲ್ ಸಂಖ್ಯೆ, ಹಾರ್ಡ್‌ವೇರ್ ಆವೃತ್ತಿ ಎಲ್ಲವೂ ಅದರಲ್ಲೇ ಇರುತ್ತವೆ. ನಂತರ ಫೈಬರ್ ಬಾಕ್ಸ್‌ನ ಪುಟ ತೆರೆದು ವ್ಯಾನ್ (ಇಂಟರ್‌ನೆಟ್ ಒಳಬರುವ ಕಡೆ) ವಿಭಾಗಕ್ಕೆ ಹೋಗಿ. ಸಂಪರ್ಕ ಪಿಪಿಪಿಒಇ (ಯೂಸರ್‌ನೇಮ್, ಪಾಸ್‌ವರ್ಡ್ ಕೊಟ್ಟು ಕಂಪನಿಯ ಜಾಲಕ್ಕೆ ಸೇರುವ ವಿಧಾನ) ಆಗಿದ್ದರೆ ಅದರ ಯೂಸರ್‌ನೇಮ್, ವಿಎಲ್ಎಎನ್ ಐಡಿ (ಕಂಪನಿ ಆ ಸಂಪರ್ಕಕ್ಕೆ ಕೊಟ್ಟ ಗುರುತು ಸಂಖ್ಯೆ) ಎರಡನ್ನೂ ಕಾಗದದ ಮೇಲೆ ಬರೆದಿಡಿ. ಪಾಸ್‌ವರ್ಡ್ ಪುಟದಲ್ಲಿ ಚುಕ್ಕೆಗಳಾಗಿ ಕಾಣುತ್ತದೆ, ಅದನ್ನು ಕಂಪನಿಯಿಂದಲೇ ಕೇಳಿ ಪಡೆಯಿರಿ. ಏನೋ ಕೆಟ್ಟಿತೆಂದು ರೀಸೆಟ್ ರಂಧ್ರಕ್ಕೆ ಪಿನ್ ಹಾಕಿ ಹತ್ತು ಸೆಕೆಂಡು ಒತ್ತಿದರೆ ಈ ವಿವರಗಳೆಲ್ಲ ಅಳಿಸಿಹೋಗುತ್ತವೆ. ಆಗ ಟೆಕ್ನಿಷಿಯನ್ ಬರುವವರೆಗೆ ಮನೆಯಲ್ಲಿ ಇಂಟರ್‌ನೆಟ್ ಇರುವುದಿಲ್ಲ. ಬ್ಯಾಕಪ್ ಅಥವಾ ಸೇವ್ ಕಾನ್ಫಿಗರೇಶನ್ ಎಂಬ ಬಟನ್ ಇದ್ದರೆ ಆ ಫೈಲನ್ನೂ ಇಳಿಸಿಟ್ಟುಕೊಳ್ಳಿ.

ಇಡೀ ಕೆಲಸವನ್ನು ಲ್ಯಾನ್ ಕೇಬಲ್ ಹಾಕಿದ ಕಂಪ್ಯೂಟರ್‌ನಿಂದಲೇ ಮಾಡಿ. ವೈ-ಫೈ ಮೂಲಕ ವೈ-ಫೈ ಸೆಟ್ಟಿಂಗ್ ಬದಲಿಸಲು ಹೊರಟರೆ, ಕುಳಿತ ಕೊಂಬೆಯನ್ನೇ ಕಡಿದಂತೆ ನಡುವೆ ಸಂಪರ್ಕ ಕಡಿದುಹೋಗುತ್ತದೆ.

ಯಜಮಾನ ಒಬ್ಬನೇ ಇರಲಿ

ಹೊಸ ರೂಟರ್‌ನ ಸ್ಟೇಟಸ್ ಪುಟದಲ್ಲಿ ವ್ಯಾನ್ ಐಪಿ ನೋಡಿ. ಅದು 192.168 ಎಂದು ಶುರುವಾಗಿ ಫೈಬರ್ ಬಾಕ್ಸ್ ಹಂಚುವ ವಿಳಾಸಗಳ ಸಾಲಿನಲ್ಲೇ ಇದ್ದರೆ ನಿಮ್ಮಲ್ಲಿ ಡಬಲ್ ನ್ಯಾಟ್ (ಎರಡು ರೂಟರ್‌ಗಳೂ ಒಂದರ ಹಿಂದೊಂದು ವಿಳಾಸ ಬದಲಿಸುವ ಸ್ಥಿತಿ) ಇದೆ ಎಂದರ್ಥ. ಇದನ್ನು ಸರಿಪಡಿಸಲು ಎರಡು ದಾರಿಗಳಿವೆ.

ಮೊದಲನೆಯದು ಆಕ್ಸೆಸ್ ಪಾಯಿಂಟ್ ಮೋಡ್. ಫೈಬರ್ ಬಾಕ್ಸೇ ಯಜಮಾನನಾಗಿರುತ್ತದೆ, ಹೊಸ ರೂಟರ್ ವೈ-ಫೈ ಕೊಡುವ ಕೆಲಸವನ್ನಷ್ಟೇ ಮಾಡುತ್ತದೆ. ಹೆಚ್ಚಿನ ಮನೆಗಳಿಗೆ ಇದೇ ಸಾಕು, ಮೊದಲು ಇದನ್ನೇ ಪ್ರಯತ್ನಿಸಿ. ಆಪರೇಷನ್ ಮೋಡ್ ಎಂಬಲ್ಲಿ ಆಕ್ಸೆಸ್ ಪಾಯಿಂಟ್ ಆರಿಸಿ ಸೇವ್ ಮಾಡಿದರೆ ರೂಟರ್ ತಾನೇ ರೀಬೂಟ್ ಆಗುತ್ತದೆ. ಹಳೆಯ ಮಾಡೆಲ್‌ನಲ್ಲಿ ಆ ಆಯ್ಕೆ ಇಲ್ಲವೇ? ಕೈಯಿಂದಲೇ ಮಾಡಬಹುದು. ಫೈಬರ್ ಬಾಕ್ಸ್ 192.168.1.1 ಆಗಿದ್ದರೆ, ಹೊಸದರ ಲ್ಯಾನ್ (ಮನೆಯೊಳಗಿನ ನೆಟ್‌ವರ್ಕ್) ಐಪಿಯನ್ನು 192.168.1.2 ಮಾಡಿ. ಅದರ ಡಿಎಚ್‌ಸಿಪಿ ಸರ್ವರ್ (ಐಪಿ ವಿಳಾಸ ಹಂಚುವ ಭಾಗ) ಆಫ್ ಮಾಡಿ. ಕೇಬಲನ್ನು ಫೈಬರ್ ಬಾಕ್ಸ್‌ನ ಲ್ಯಾನ್ ಪೋರ್ಟ್‌ನಿಂದ ತಂದು ಹೊಸದರ ಲ್ಯಾನ್ ಪೋರ್ಟ್‌ಗೇ ಚುಚ್ಚಿ, ಬಣ್ಣ ಬೇರೆಯಿರುವ ವ್ಯಾನ್ ಪೋರ್ಟ್‌ಗೆ ಬೇಡ. ಹೆಚ್ಚಿನವರು ಎಡವುವುದು ಇಲ್ಲೇ: ಡಿಎಚ್‌ಸಿಪಿ ಆಫ್ ಮಾಡಿ ಕೇಬಲನ್ನು ವ್ಯಾನ್‌ನಲ್ಲೇ ಬಿಟ್ಟರೆ ಮಹಡಿಯ ಯಾವ ಫೋನಿಗೂ ವಿಳಾಸ ಸಿಗುವುದಿಲ್ಲ.

ಎರಡನೆಯದು ಬ್ರಿಡ್ಜ್ ಮೋಡ್. ಫೈಬರ್ ಬಾಕ್ಸನ್ನು ಬರೀ ಮೋಡೆಮ್ ಆಗಿಸಿ, ಪಿಪಿಪಿಒಇ ವಿವರಗಳನ್ನು ನಿಮ್ಮ ರೂಟರ್‌ನಲ್ಲಿ ತುಂಬುವುದು. ವಿಪಿಎನ್ (ಹೊರಗಿನಿಂದ ಮನೆಯ ನೆಟ್‌ವರ್ಕ್‌ಗೆ ಸುರಕ್ಷಿತ ದಾರಿ), ಕ್ಯೂಒಎಸ್ (ಯಾವ ಕೆಲಸಕ್ಕೆ ಎಷ್ಟು ವೇಗ ಎಂಬ ಹಂಚಿಕೆ) ಮುಂತಾದವು ನಿಮ್ಮದೇ ಹತೋಟಿಯಲ್ಲಿ ಇರಬೇಕೆಂದರೆ ಈ ದಾರಿ ಹಿಡಿಯಿರಿ. ಫೈಬರ್ ಬಾಕ್ಸ್‌ಗೆ ಲ್ಯಾಂಡ್‌ಲೈನ್ ಫೋನು ಅಥವಾ ಟಿವಿ ಬಾಕ್ಸ್ ಜೋಡಿಸಿದ್ದರೆ, ಬ್ರಿಡ್ಜ್ ಮಾಡಿದ ಮೇಲೂ ಅವು ನಡೆಯುತ್ತವೆಯೇ ಎಂದು ಕಂಪನಿಯನ್ನು ಮೊದಲೇ ಕೇಳಿಕೊಳ್ಳಿ.

ಪಿಪಿಪಿಒಇ ಇರುವಲ್ಲಿ ಎಂಟಿಯು (ಒಂದು ಪ್ಯಾಕೆಟ್‌ನ ಗರಿಷ್ಠ ಗಾತ್ರ) 1492 ಇರಬೇಕು. ಈಥರ್ನೆಟ್‌ನ 1500 ಬೈಟ್‌ಗಳಲ್ಲಿ 8 ಬೈಟ್ ಪಿಪಿಪಿಒಇಯ ಹೆಡರ್‌ಗೇ (ತಲೆಪಟ್ಟಿ) ಹೋಗುತ್ತವೆ. ಕೆಲವು ಸೈಟು ಸಲೀಸಾಗಿ ತೆರೆದು, ಕೆಲವು ಅರ್ಧಕ್ಕೇ ನಿಂತು ಸುತ್ತುತ್ತಿದ್ದರೆ ಅನುಮಾನ ಮೊದಲು ಇದರ ಮೇಲೇ ಬರಬೇಕು. ವಿಂಡೋಸ್‌ನ ಕಮಾಂಡ್ ಪ್ರಾಂಪ್ಟ್‌ನಲ್ಲಿ ಪ್ಯಾಕೆಟ್ ತುಂಡಾಗದಂತೆ ತಡೆಯುವ ಎಫ್ (-f) ಆಯ್ಕೆ ಹಾಕಿ, ಎಲ್ (-l) ಆಯ್ಕೆಯಲ್ಲಿ ಗಾತ್ರ 1464 ಕೊಟ್ಟು 8.8.8.8ಕ್ಕೆ ಪಿಂಗ್ ಮಾಡಿ. ಉತ್ತರ ಬಂದರೆ 1492 ಸರಿಯಾಗಿದೆ, ಯಾಕೆಂದರೆ 1464ಕ್ಕೆ ಹೆಡರ್‌ನ 28 ಬೈಟ್ ಸೇರಿ ಅಷ್ಟೇ ಆಗುತ್ತದೆ. ಬಾರದಿದ್ದರೆ ಉತ್ತರ ಬರುವ ತನಕ ಗಾತ್ರ ಇಳಿಸುತ್ತ ಬನ್ನಿ, ಸಿಕ್ಕ ಸಂಖ್ಯೆಗೆ 28 ಕೂಡಿಸಿ.

ಮಹಡಿಗೆ ಹೋಗುವ ಕೇಬಲ್ಲಿನ ಮೇಲೂ ಒಂದು ಕಣ್ಣಿರಲಿ. 200 ಎಂಬಿಪಿಎಸ್ ಪ್ಲಾನ್ ಇದ್ದೂ ಸ್ಪೀಡ್ ಟೆಸ್ಟ್ ಸದಾ 94ರ ಆಸುಪಾಸಿನಲ್ಲೇ ನಿಂತರೆ ಅದು ವೈ-ಫೈ ತಪ್ಪಲ್ಲ. ಗಿಗಾಬಿಟ್ ಸಂಪರ್ಕಕ್ಕೆ ಕೇಬಲ್ಲಿನ ಎಂಟೂ ತಂತಿಗಳು ಬೇಕು, ನಾಲ್ಕಿದ್ದರೆ 100 ಎಂಬಿಪಿಎಸ್‌ಗೇ ಇಳಿಯುತ್ತದೆ. ಪ್ಲಗ್ ಕ್ರಿಂಪ್ ಮಾಡುವಾಗ ಒಂದೇ ಒಂದು ತಂತಿ ಸರಿಯಾಗಿ ಕೂರದಿದ್ದರೂ ಇದೇ ಗತಿ. ಎರಡು ರೂಟರ್‌ಗಳ ಪೋರ್ಟುಗಳೂ ಗಿಗಾಬಿಟ್ ಆಗಿರಬೇಕು. ಕೇಬಲ್ ಕ್ಯಾಟ್ 5ಇ ಆದರೂ ಸಾಕು.

ಚಾನೆಲ್ ಮತ್ತು ಅಗಲ

2.4 ಗಿಗಾಹರ್ಟ್ಸ್‌ನಲ್ಲಿ ಒಂದರ ಮೇಲೊಂದು ಬೀಳದ ಚಾನೆಲ್‌ಗಳೆಂದರೆ 1, 6, 11. ಫೋನಿನ ಯಾವುದಾದರೂ ವೈ-ಫೈ ಅನಲೈಸರ್ ಆ್ಯಪ್‌ನಲ್ಲಿ ನೆರೆಮನೆಗಳವು ಎಲ್ಲಿ ಗುಂಪುಗೂಡಿವೆ ಎಂದು ನೋಡಿ, ಈ ಮೂರರಲ್ಲಿ ಖಾಲಿಯಿರುವುದನ್ನು ಆರಿಸಿ. 3 ಅಥವಾ 9 ಖಾಲಿ ಕಾಣುತ್ತದೆಂದು ಅಲ್ಲಿಗೆ ಹೋಗಬೇಡಿ: ಎರಡೂ ಪಕ್ಕದವರ ಗದ್ದಲ ನಿಮಗೆ, ನಿಮ್ಮದು ಅವರಿಗೆ. ಚಾನೆಲ್‌ನ ಅಗಲ 20 ಮೆಗಾಹರ್ಟ್ಸ್ ಇರಲಿ. 40 ಎಂದಿಟ್ಟರೆ ಇಡೀ ಪಟ್ಟಿಯ ಅರ್ಧಕ್ಕಿಂತ ಹೆಚ್ಚು ಜಾಗ ನುಂಗುತ್ತದೆ. ಅಪಾರ್ಟ್‌ಮೆಂಟ್‌ನಲ್ಲಿ ಅದರಿಂದ ವೇಗ ಹೆಚ್ಚುವುದಿಲ್ಲ, ತಗ್ಗುತ್ತದೆ.

5 ಗಿಗಾಹರ್ಟ್ಸ್‌ನಲ್ಲಿ 80 ಮೆಗಾಹರ್ಟ್ಸ್ ಇಡಿ. 36ರಿಂದ 48, 149ರಿಂದ 161 ಇವೆರಡು ನಿಶ್ಚಿಂತೆಯ ಗುಂಪುಗಳು. ಕೆಳಗಿನ ಬಾಕ್ಸ್‌ಗೆ 36 ಕೊಟ್ಟರೆ ಮಹಡಿಯದಕ್ಕೆ 149 ಕೊಡಿ, ಆಗ ಒಂದಕ್ಕೊಂದು ಅಡ್ಡ ಬರುವುದಿಲ್ಲ. ನಡುವಿನ 52ರಿಂದ 144ರವರೆಗಿನವು ರೇಡಾರ್‌ಗಳೊಂದಿಗೆ ಹಂಚಿಕೊಂಡ ಚಾನೆಲ್‌ಗಳು. ಅಲ್ಲಿ ರೂಟರ್ ಮೊದಲು ಒಂದು ನಿಮಿಷ ಸುಮ್ಮನೆ ಆಲಿಸಿ ಆಮೇಲಷ್ಟೇ ಸಿಗ್ನಲ್ ಕೊಡುತ್ತದೆ, ರೇಡಾರ್ ಸುಳಿವು ಸಿಕ್ಕಿದರೆ ತಕ್ಷಣ ಚಾನೆಲ್ ಬಿಟ್ಟು ಓಡುತ್ತದೆ. ವೀಡಿಯೊ ಕಾಲ್ ನಡುವೆ ಕಾರಣವೇ ಇಲ್ಲದೆ ವೈ-ಫೈ ಮಾಯವಾಗುವುದಕ್ಕೆ ಇದೂ ಒಂದು ಕಾರಣ. ಕೆಲವು ಟಿವಿಗಳಿಗೆ ಈ ಚಾನೆಲ್‌ಗಳು ಕಾಣುವುದೇ ಇಲ್ಲ.

ಟ್ರಾನ್ಸ್‌ಮಿಟ್ ಪವರ್ ಹೈ ಮಾಡಿದರೆ ಒಳ್ಳೆಯದೆಂಬ ನಂಬಿಕೆ ಬಹಳ ಜನರಿಗಿದೆ. ರೂಟರ್ ಜೋರಾಗಿ ಕೂಗಬಹುದು, ಫೋನಿನ ದನಿ ಮೊದಲಿದ್ದಷ್ಟೇ ಇರುತ್ತದೆ. ಪೂರ್ತಿ ಕಡ್ಡಿ ಕಾಣುತ್ತಿದ್ದರೂ ವಾಟ್ಸ್ಆ್ಯಪ್ ಸಂದೇಶ ಹೋಗದೆ ನಿಂತಿರುತ್ತದೆ. ಮೆಟ್ಟಿಲು ಹತ್ತಿ ಮಹಡಿಗೆ ಬಂದರೂ ಫೋನು ಕೆಳಗಿನ ರೂಟರನ್ನೇ ಹಿಡಿದುಕೊಂಡಿದ್ದರೆ, ಕೆಳಗಿನದರ ಪವರ್ ಮೀಡಿಯಂಗೆ ಇಳಿಸಿ ನೋಡಿ. ಎರಡಕ್ಕೂ ಒಂದೇ ಹೆಸರು, ಒಂದೇ ಪಾಸ್‌ವರ್ಡ್, ಒಂದೇ ಬಗೆಯ ಭದ್ರತೆ ಇಟ್ಟರೆ ಫೋನು ತಾನೇ ಬದಲಾಯಿಸಿಕೊಳ್ಳುತ್ತದೆ.

ರೂಟರ್‌ನ ಬೆನ್ನಿಗೆ ಯುಎಸ್‌ಬಿ 3 ಹಾರ್ಡ್ ಡಿಸ್ಕ್ ಸಿಕ್ಕಿಸಿದ್ದರೆ ಒಮ್ಮೆ ಕಿತ್ತು ಪರೀಕ್ಷಿಸಿ. ಅದು ಹೊಮ್ಮಿಸುವ ರೇಡಿಯೋ ಗದ್ದಲ 2.4 ಗಿಗಾಹರ್ಟ್ಸ್‌ಗೆ ನೇರವಾಗಿ ಅಡ್ಡ ಬರುತ್ತದೆ.

ವಿಳಾಸ ಹಂಚಿಕೆ, ಡಿಎನ್ಎಸ್

ಯಜಮಾನ ರೂಟರ್‌ನ ಡಿಎಚ್‌ಸಿಪಿ ವ್ಯಾಪ್ತಿಯನ್ನು 192.168.1.100ರಿಂದ 192.168.1.200 ಎಂದಿಡಿ. 2ರಿಂದ 99ರವರೆಗಿನದು ರೂಟರ್ ಮುಂತಾದ ಕದಲದ ಉಪಕರಣಗಳಿಗೆ ಮೀಸಲು. ಪ್ರಿಂಟರ್, ಕ್ಯಾಮೆರಾ ರೆಕಾರ್ಡರ್‌ಗಳಿಗೆ ಅಡ್ರೆಸ್ ರಿಸರ್ವೇಶನ್‌ನಲ್ಲಿ ಅವುಗಳ ಮ್ಯಾಕ್ ವಿಳಾಸ (ಉಪಕರಣದ ಗುರುತು ಸಂಖ್ಯೆ) ಹಾಕಿ ಸ್ಥಿರ ಐಪಿ ಕೊಡಿ. ಕೆಲವು ರೂಟರ್‌ಗಳು ರಿಸರ್ವ್ ಮಾಡುವ ಐಪಿಯೂ ವ್ಯಾಪ್ತಿಯೊಳಗೇ ಇರಬೇಕೆಂದು ಹಟ ಹಿಡಿಯುತ್ತವೆ, ಆಗ 190ರ ನಂತರದ್ದನ್ನು ಕೊಡಿ. ಫೋನುಗಳಿಗೆ ರಿಸರ್ವ್ ಮಾಡುವುದಾದರೆ ಒಂದು ತೊಡಕಿದೆ: ಆಂಡ್ರಾಯ್ಡ್ 10 ಮತ್ತು ಐಒಎಸ್ 14ರಿಂದ ಈಚೆಗೆ ಫೋನುಗಳು ಪ್ರತಿ ನೆಟ್‌ವರ್ಕ್‌ಗೂ ಬೇರೆ ಮ್ಯಾಕ್ ತೋರಿಸುತ್ತವೆ. ಫೋನಿನಲ್ಲಿ ಮನೆಯ ವೈ-ಫೈಗೆ ಮಾತ್ರ ಆ ಪ್ರೈವೇಟ್ ಮ್ಯಾಕ್ ಆಯ್ಕೆ ತೆಗೆದು ಆಮೇಲೆ ರಿಸರ್ವ್ ಮಾಡಿ.

ಮಕ್ಕಳಿರುವ ಮನೆಗೆ ಕ್ಲೌಡ್‌ಫ್ಲೇರ್‌ನ 1.1.1.3 ಮತ್ತು 1.0.0.3 ಡಿಎನ್ಎಸ್ ಹಾಕಬಹುದು, ಅವು ಅಶ್ಲೀಲ ಸೈಟುಗಳನ್ನೂ ಮಾಲ್‌ವೇರ್ ಸೈಟುಗಳನ್ನೂ ತಡೆಯುತ್ತವೆ. ಎರಡೂ ಜಾಗದಲ್ಲಿ ಸೋಸುವ ಡಿಎನ್ಎಸ್ಸೇ ಇರಬೇಕು. ಮೊದಲನೆಯದಕ್ಕೆ 1.1.1.3, ಎರಡನೆಯದಕ್ಕೆ 8.8.8.8 ಕೊಟ್ಟರೆ ಸೋಸುವಿಕೆ ಒಮ್ಮೆ ಇರುತ್ತದೆ, ಒಮ್ಮೆ ಇರುವುದಿಲ್ಲ, ಏಕೆಂದರೆ ಎರಡನೆಯದು ಬರೀ ತುರ್ತಿಗೆಂದು ಕಾದು ಕೂರುವುದಿಲ್ಲ. ಐಪಿವಿ6 (ಹೊಸ ಬಗೆಯ ಐಪಿ ವಿಳಾಸ) ಇದ್ದರೆ ಅದರ ಡಿಎನ್ಎಸ್ ಕೂಡ ಬದಲಿಸಿ, ಫೋನುಗಳಲ್ಲಿ ಪ್ರೈವೇಟ್ ಡಿಎನ್ಎಸ್ (ರೂಟರ್‌ನದನ್ನು ಬಿಟ್ಟು ಫೋನು ತಾನೇ ಬಳಸುವ ಡಿಎನ್ಎಸ್) ಹಾಕಿಲ್ಲವೆಂದು ನೋಡಿ. ಇವೆರಡರಲ್ಲಿ ಯಾವ ಬಾಗಿಲು ತೆರೆದಿದ್ದರೂ ಸೋಸುವಿಕೆ ತಪ್ಪಿಹೋಗುತ್ತದೆ.

ಭದ್ರತೆ

ವೈ-ಫೈ ಭದ್ರತೆಯ ಬಗೆ ಡಬ್ಲ್ಯುಪಿಎ3 ಅಥವಾ ಡಬ್ಲ್ಯುಪಿಎ2/ಡಬ್ಲ್ಯುಪಿಎ3 ಮಿಶ್ರ ಇರಲಿ, ಅದೂ ಇಲ್ಲದಿದ್ದರೆ ಡಬ್ಲ್ಯುಪಿಎ2 ಜೊತೆ ಎಇಎಸ್ ಎಂಬ ಗೂಢಲಿಪಿ. ಹಳೆಯ ಗೂಢಲಿಪಿಯಾದ ಟಿಕೆಐಪಿ ಆರಿಸಿದರೆ ಭದ್ರತೆಯಷ್ಟೇ ಅಲ್ಲ, ವೇಗವೂ 54 ಎಂಬಿಪಿಎಸ್‌ಗೆ ಕುಸಿಯುತ್ತದೆ. ಡಬ್ಲ್ಯುಪಿಎಸ್ (ಬಟನ್ ಅಥವಾ ಪಿನ್‌ನಿಂದ ವೈ-ಫೈಗೆ ಸೇರುವ ಸೌಲಭ್ಯ) ಆಫ್. ರಿಮೋಟ್ ಮ್ಯಾನೇಜ್‌ಮೆಂಟ್ (ಹೊರಗಿನಿಂದ ರೂಟರ್ ಪುಟ ತೆರೆಯುವ ಸೌಲಭ್ಯ) ಆಫ್. ಯುಪಿಎನ್‌ಪಿಯನ್ನು (ಉಪಕರಣಗಳು ತಾವೇ ರೂಟರ್‌ನಲ್ಲಿ ಪೋರ್ಟ್ ತೆರೆಯುವ ಸೌಲಭ್ಯ) ಆನ್‌ಲೈನ್ ಗೇಮ್‌ಗೆ ಅಗತ್ಯವಿದ್ದರೆ ಮಾತ್ರ ಆನ್ ಬಿಡಿ. ಅಡ್ಮಿನ್ ಪಾಸ್‌ವರ್ಡ್ ವೈ-ಫೈ ಪಾಸ್‌ವರ್ಡ್‌ಗಿಂತ ಬೇರೆಯಿರಲಿ. ವೈ-ಫೈ ಹೆಸರು ಬಚ್ಚಿಡುವುದರಿಂದ ಸಿಗುವ ರಕ್ಷಣೆ ಏನೂ ಇಲ್ಲ, ತೊಂದರೆ ಮಾತ್ರ ಇದೆ.

ಸ್ಮಾರ್ಟ್ ಬಲ್ಬು, ಪ್ಲಗ್ಗು, ಅತಿಥಿಗಳ ಫೋನು ಗೆಸ್ಟ್ ನೆಟ್‌ವರ್ಕ್‌ನಲ್ಲಿರಲಿ. ಅಲ್ಲಿರುವವು ಒಂದನ್ನೊಂದು ನೋಡಲಾರವು, ಆದ್ದರಿಂದ ಪ್ರಿಂಟರನ್ನು ಅಲ್ಲಿ ಸೇರಿಸಬೇಡಿ. ಆಕ್ಸೆಸ್ ಪಾಯಿಂಟ್ ಮೋಡ್‌ನಲ್ಲಿ ಹಲವು ರೂಟರ್‌ಗಳ ಗೆಸ್ಟ್ ನೆಟ್‌ವರ್ಕ್ ನಿಜವಾಗಿ ಪ್ರತ್ಯೇಕವಾಗಿರುವುದಿಲ್ಲ. ಗೆಸ್ಟ್‌ಗೆ ಸೇರಿಸಿದ ಫೋನಿನಿಂದ 192.168.1.1 ತೆರೆದು ನೋಡಿ, ಲಾಗಿನ್ ಪುಟ ಬಂದರೆ ಗೋಡೆ ಇಲ್ಲವೆಂದೇ ಅರ್ಥ.

ಹೊರಗಿನಿಂದ ಸಿಸಿಟಿವಿ ನೋಡಲು ಪೋರ್ಟ್ ಫಾರ್ವರ್ಡಿಂಗ್ (ಹೊರಗಿನಿಂದ ಒಂದು ಉಪಕರಣಕ್ಕೆ ರೂಟರ್‌ನಲ್ಲಿ ಬಾಗಿಲು ತೆರೆಯುವುದು) ಮಾಡುವ ಪದ್ಧತಿ ಇನ್ನೂ ಇದೆ. ದಯವಿಟ್ಟು ಬೇಡ. ತೆರೆದ ಪೋರ್ಟುಗಳನ್ನು ಹುಡುಕುವ ಪ್ರೋಗ್ರಾಂಗಳು ಹಗಲಿರುಳು ಇಂಟರ್‌ನೆಟ್ ಜಾಲಾಡುತ್ತಿರುತ್ತವೆ, ರೆಕಾರ್ಡರ್‌ಗಳ ಸಾಫ್ಟ್‌ವೇರ್ ವರ್ಷಗಟ್ಟಲೆ ಅಪ್‌ಡೇಟ್ ಕಾಣುವುದಿಲ್ಲ. ರೆಕಾರ್ಡರನ್ನು ಡಿಎಂಜೆಡ್‌ನಲ್ಲಿ ಹಾಕುವುದು, ಅಂದರೆ ಅದರ ಎಲ್ಲ ಪೋರ್ಟುಗಳನ್ನೂ ಹೊರಗೆ ತೆರೆದಿಡುವುದು, ಇನ್ನೂ ಕೆಟ್ಟದ್ದು. ರೂಟರ್‌ನಲ್ಲಿ ವೈರ್‌ಗಾರ್ಡ್ ಅಥವಾ ಓಪನ್‌ವಿಪಿಎನ್ ಎಂಬ ವಿಪಿಎನ್ ಸರ್ವರ್ ಇದ್ದರೆ ಅದನ್ನು ಬಳಸಿ. ಯಜಮಾನ ರೂಟರ್‌ನ ವ್ಯಾನ್ ಐಪಿ 100.64ರಿಂದ 100.127ರ ನಡುವೆ ಇದ್ದರೆ ಕಂಪನಿಯೇ ಒಂದು ಐಪಿಯನ್ನು ಹಲವು ಮನೆಗಳಿಗೆ ಹಂಚಿದೆ, ಅಂದರೆ ಸಿಜಿನ್ಯಾಟ್. ಆಗ ಐಪಿವಿ4ನಲ್ಲಿ ಪೋರ್ಟ್ ಫಾರ್ವರ್ಡಿಂಗೂ ನಡೆಯದು, ಮನೆಯ ವಿಪಿಎನ್ ಸರ್ವರ್ರೂ ಹೊರಗಿನಿಂದ ಸಿಗದು. ಹಣ ಕೊಟ್ಟು ಸ್ಟ್ಯಾಟಿಕ್ ಐಪಿ ಪಡೆಯಬೇಕು.

ಒಬ್ಬರು ಫೋಟೋ ಅಪ್‌ಲೋಡ್ ಮಾಡುತ್ತಿದ್ದಾಗ ಇನ್ನೊಬ್ಬರ ಕಾಲ್ ಮುರಿಯುತ್ತಿದ್ದರೆ ಕ್ಯೂಒಎಸ್ ಹಚ್ಚಿ, ಮಿತಿಯನ್ನು ಅಳೆದ ವೇಗದ ಶೇ 90ಕ್ಕೆ ಇಡಿ: 100 ಬರುತ್ತಿದ್ದರೆ 90. ಆ ತೊಂದರೆ ಇಲ್ಲದಿದ್ದರೆ ಕ್ಯೂಒಎಸ್ ಬೇಡವೇ ಬೇಡ. ಹಲವು ರೂಟರ್‌ಗಳಲ್ಲಿ ಅದು ಹಾರ್ಡ್‌ವೇರ್ ವೇಗವರ್ಧನೆಯನ್ನು ನಿಲ್ಲಿಸಿ, 300 ಎಂಬಿಪಿಎಸ್ ಮೇಲಿನ ಪ್ಲಾನ್‌ಗಳನ್ನು ಎಳೆದು ಕೆಳಗಿಳಿಸುತ್ತದೆ.

ಫರ್ಮ್‌ವೇರ್ (ರೂಟರ್‌ನೊಳಗಿನ ಸಾಫ್ಟ್‌ವೇರ್) ಅಪ್‌ಡೇಟ್ ಕೊನೆಗಿರಲಿ. ಚೀಟಿಯಲ್ಲಿರುವ ಹಾರ್ಡ್‌ವೇರ್ ಆವೃತ್ತಿಗೇ ಸೇರಿದ ಫೈಲ್ ಬೇಕು. ಮಾಡೆಲ್ ಒಂದೇ ಆದರೂ ವಿ1 ಫೈಲು ವಿ2ಗೆ ಆಗದು. ಕರೆಂಟ್ ಹೋಗುವ ಹೊತ್ತಿನಲ್ಲಿ ಇದಕ್ಕೆ ಕೈ ಹಾಕಬೇಡಿ, ಯುಪಿಎಸ್‌ಗೆ ಜೋಡಿಸಿಯೇ ಮಾಡಿ. ನಡುವೆ ಆಫ್ ಆದರೆ ರೂಟರ್ ಮತ್ತೆ ಏಳದಿರಬಹುದು. ಮುಗಿದ ಮೇಲೆ ಡಬ್ಲ್ಯುಪಿಎಸ್ ಮತ್ತು ರಿಮೋಟ್ ಮ್ಯಾನೇಜ್‌ಮೆಂಟ್ ಮತ್ತೆ ಆನ್ ಆಗಿವೆಯೇ ಎಂದು ಪುಟ ತೆರೆದು ನೋಡಿ, ಹೊಸದಾಗಿ ಬ್ಯಾಕಪ್ ಫೈಲ್ ಇಳಿಸಿಕೊಳ್ಳಿ.