ಬೋರ್ಡಿಗೆ ಸ್ನಾನ ಮಾಡಿಸಿದ ಮೇಲೆ ಚಾರ್ಜ್ ಹಿಡಿಯಿತು

"ನಿಮ್ಮ ಅಂಗಡಿಲಿ ಚಾರ್ಜ್ ಆತ್ತ್, ಮನೆಗೆ ಹೋದ್ರೆ ಆತಿಲ್ಲೆ. ಎಂತ ಮಾರಾಯ್ರೆ ಇದ್?"

ಮರವಂತೆಯ ಮೇಷ್ಟ್ರು ಮೂರನೇ ಸಲ ಅದೇ ಲ್ಯಾಪ್‌ಟಾಪ್ ಹಿಡಿದುಕೊಂಡು ಕುಂದಾಪುರದ ನನ್ನ ರಿಪೇರಿ ಅಂಗಡಿಗೆ ಬಂದಿದ್ದರು. ನನಗೆ ತಲೆ ಎತ್ತಿ ಮಾತಾಡಲೂ ನಾಚಿಕೆ. ಎರಡು ಸಲ ದುಡ್ಡು ತೆಗೆದುಕೊಂಡಾಗಿತ್ತು ಅಲ್ವಾ.

ಅಡಾಪ್ಟರ್ ಪಿನ್ನಿನ ಒಳಗೆ ಇನ್ನೊಂದು ಸಣ್ಣ ಪಿನ್ ಇರುವ ಜಾತಿ ಅದು. 19.5 ವೋಲ್ಟ್, 65 ವ್ಯಾಟ್. ಆ ಪಿನ್ನಿನ ಕಥೆ ರಿಪೇರಿ ಮಾಡುವವರಿಗೆಲ್ಲ ಗೊತ್ತು. ಅಡಾಪ್ಟರ್ ಅದರ ಮೂಲಕ ತನ್ನ ಗುರುತು ಹೇಳದಿದ್ದರೆ ಮಷಿನ್ ಓಡುತ್ತದೆ, ಆದರೆ ಬ್ಯಾಟರಿ ಏರುವುದಿಲ್ಲ, ಪ್ರೊಸೆಸರ್ ಬೇರೆ ತೆವಳುತ್ತದೆ. ನನ್ನ ಹತ್ತಿರ ಬರುವ ಮೊದಲೇ ಮೇಷ್ಟ್ರು 2,800 ರೂಪಾಯಿಯ ಬ್ಯಾಟರಿ, ಏಳೆಂಟು ನೂರರ ಡೂಪ್ಲಿಕೇಟ್ ಅಡಾಪ್ಟರ್ ಎರಡು ಕೊಂಡಿದ್ದರು. ಇನ್ನೊಂದು ಅಂಗಡಿಯಲ್ಲಿ ಮದರ್‌ಬೋರ್ಡೇ ಹೋಗಿದೆ, 14 ಸಾವಿರ ಅಂದಿದ್ದರಂತೆ.

ನಾನೇನು ಕಡಿಮೆ ಬುದ್ಧಿವಂತನಾ? ಮೊದಲ ಸಲ ಅಡಾಪ್ಟರ್ ಚುಚ್ಚುವ ಜ್ಯಾಕಿನ ಕೇಬಲ್ ಬದಲಿಸಿದೆ. ಚಾರ್ಜ್ ಆಯಿತು, ಕಳಿಸಿದೆ. ಒಂದು ವಾರಕ್ಕೆ ವಾಪಸ್. ಎರಡನೇ ಸಲ ಚಾರ್ಜಿಂಗ್ ಐಸಿ, ಅಂದರೆ ಬ್ಯಾಟರಿ ಚಾರ್ಜ್ ಮಾಡುವ ಚಿಪ್. ಬೆಂಗಳೂರಿನ ಎಸ್‌.ಪಿ. ರಸ್ತೆಯಿಂದ ತರಿಸಿ, ಬಸ್ ಪಾರ್ಸೆಲ್ ಸೇರಿ ಸುಮಾರು 400 ಬಿತ್ತು. ಹಳೆಯ ಐಸಿಗೆ ಏನೂ ಆಗಿರಲಿಲ್ಲ ಅಂತ ಆಮೇಲೆ ಗೊತ್ತಾಯಿತು.

ಮೂರನೇ ಸಲ ದೇವರೇ ಕರೆಂಟ್ ತೆಗೆದ. ಜುಲೈ ತಿಂಗಳು, ಜಡಿಮಳೆ. ಎಸಿ ನಿಂತಿತು, ಬಾಗಿಲು ತೆರೆದೆ. ಬೆಂಚಿಗೆ ಮಾತ್ರ ಇನ್ವರ್ಟರ್ ಕರೆಂಟ್. ಲ್ಯಾಪ್‌ಟಾಪ್ ಚೆನ್ನಾಗಿ ಚಾರ್ಜ್ ಆಗುತ್ತಲೇ ಇತ್ತು. ಮುಕ್ಕಾಲು ಗಂಟೆಯಲ್ಲಿ ನನ್ನ ಕಣ್ಣೆದುರೇ ನಿಂತುಹೋಯಿತು. ಸಣ್ಣ ಪಿನ್ನಿನ ಲೈನ್ ನೋಡಿದರೆ, 3.3 ವೋಲ್ಟ್ ಇರಬೇಕಾದಲ್ಲಿ 1.2, 1.3. ಮರುದಿನ ಎಸಿ ಹಾಕಿ ಒಣಗಿಸಿದೆ, 3.3 ಬಂತು. ಜ್ಯಾಕ್ ಹತ್ತಿರ ಬಾಯಿ ತಂದು "ಹಾ" ಅಂತ ಉಸಿರು ಬಿಟ್ಟೆ. ಮೀಟರ್ ಸರ್ರನೆ ಇಳಿಯಿತು! ನಮ್ಮ ಹುಡುಗ ನನ್ನನ್ನು ನೋಡಿದ ರೀತಿ ಈಗಲೂ ನೆನಪಿದೆ.

ಉಪ್ಪು. ಮೇಷ್ಟ್ರ ಮನೆ ಹೆದ್ದಾರಿ ಪಕ್ಕ, ಕಿಟಕಿ ತೆರೆದರೆ ಸಮುದ್ರ. ಲ್ಯಾಪ್‌ಟಾಪ್ ಇರುವುದು ಅದೇ ಕಿಟಕಿಯ ಮೇಜಿನ ಮೇಲೆ. ಗಾಳಿಯ ತೇವ 75 ಪರ್ಸೆಂಟ್ ದಾಟಿದರೆ ಉಪ್ಪು ತಾನಾಗಿ ನೀರೊಡೆಯುತ್ತದೆ. ಅಡುಗೆಮನೆಯ ಉಪ್ಪಿನ ಡಬ್ಬಿ ಮಳೆಗಾಲದಲ್ಲಿ ಏನಾಗುತ್ತದೆ ನೋಡಿ. ಬೋರ್ಡಿನ ಮೇಲೂ ಅದೇ. ಆ ಉಪ್ಪು ನೀರಿನಲ್ಲಿ ಕರೆಂಟ್ ಸೋರುತ್ತದೆ. ನನ್ನ ಅಂಗಡಿಯ ಎಸಿಯಲ್ಲಿ ಅದು ಒಣಗಿ ಸುಮ್ಮನಿರುತ್ತಿತ್ತು.

ಐಪಿಎ, ಅಂದರೆ ಬೋರ್ಡ್ ಒರೆಸುವ ಆಲ್ಕೋಹಾಲ್, ಹಾಕಿ ಬ್ರಷ್ ಮಾಡಿದೆ. ಎರಡು ದಿನ ಸರಿ, ಮತ್ತೆ ಅದೇ ರಾಗ. ಆಗ ತಲೆಗೆ ಹೋಯಿತು. ಐಪಿಎಯಲ್ಲಿ ಉಪ್ಪು ಕರಗುವುದೇ ಇಲ್ಲ ಅನ್ನುವಷ್ಟು ಕಡಿಮೆ. ಜಿಡ್ಡು, ಬೆಸುಗೆಯ ಫ್ಲಕ್ಸ್ ಹೋಗುತ್ತದೆ, ಉಪ್ಪು ಅಲ್ಲಿಂದಿಲ್ಲಿಗೆ ಸರಿಯುತ್ತದೆ ಅಷ್ಟೆ. ನಂಬಿಕೆ ಬರಲಿಲ್ಲ, ಗುಜರಿ ಬೋರ್ಡಿನ ನಾಲ್ಕು ತುಂಡಿಗೆ ಸಮುದ್ರದ ನೀರು ಹಚ್ಚಿ ಒಣಗಿಸಿದೆ. ಒಂದನ್ನು ಹಾಗೇ ಬಿಟ್ಟೆ, ಒಂದಕ್ಕೆ ಐಪಿಎ, ಒಂದಕ್ಕೆ ಬಾವಿ ನೀರು, ಒಂದಕ್ಕೆ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್. ಒಣಗಿದ ಮೇಲೆ ನಾಲ್ಕಕ್ಕೂ ಉಸಿರು ಬಿಟ್ಟು ಓಮ್ಸ್, ಅಂದರೆ ಕರೆಂಟಿಗೆ ಎಷ್ಟು ತಡೆ ಇದೆ ಅಂತ, ನೋಡಿದೆ. ಮೊದಲ ಎರಡೂ ಸೋರಿದವು. ಬಾವಿ ನೀರಿನದು ಸ್ವಲ್ಪ ಸೋರಿತು. ಡಿಸ್ಟಿಲ್ಡ್ ಮಾತ್ರ ಅಲುಗಾಡಲಿಲ್ಲ. ಹುರುಪಿನಲ್ಲಿ ಗಂಜಿ ತಿಳಿಯನ್ನೂ ಪರೀಕ್ಷೆ ಮಾಡಿದೆ. ಯಾಕೆ ಅಂತ ಕೇಳಬೇಡಿ.

ಉಡುಪಿಯ ಗೆಳೆಯನಿಗೆ ಹೇಳಿದರೆ ಬಿದ್ದು ಬಿದ್ದು ನಕ್ಕ. "ಬೋರ್ಡಿಗೆ ನೀರು ಹೊಯ್ಯುವವನಿಗೆ ಅಂಗಡಿ ಯಾಕೆ, ಸರ್ವಿಸ್ ಸ್ಟೇಷನ್ ಇಡು" ಅಂದ. ಅವನ ನಗುವಿಗೂ ಕಾರಣ ಇತ್ತು. ಅದಕ್ಕೂ ಎರಡು ವರ್ಷ ಮೊದಲು ಟೀ ಚೆಲ್ಲಿದ ಬೋರ್ಡೊಂದನ್ನು ನಲ್ಲಿ ನೀರಲ್ಲಿ ತೊಳೆದಿದ್ದೆ. ನಾಣ್ಯದಂಥ ಸೆಲ್ ತೆಗೆಯಲು ಮರೆತಿದ್ದೆ, ಒಣಗುವ ಮೊದಲೇ ಆನ್ ಮಾಡಿದ್ದೆ. ಕೈಯಿಂದ ಆರೂವರೆ ಸಾವಿರ ಹಾಕಿ ಸೆಕೆಂಡ್ ಹ್ಯಾಂಡ್ ಬೋರ್ಡ್ ಕೊಟ್ಟೆ.

ಹಾಗಾಗಿ ಈ ಸಲ ಅವಸರ ಮಾಡಲಿಲ್ಲ. ಬ್ಯಾಟರಿ, ಸೆಲ್, ಫ್ಯಾನ್, ಹೀಟ್‌ಸಿಂಕ್ ಎಲ್ಲ ಬಿಚ್ಚಿದೆ. ಜ್ಯಾಕ್ ಹತ್ತಿರ, ವೋಲ್ಟೇಜ್ ಏರಿದರೆ ಬೋರ್ಡನ್ನು ಕಾಯುವ ಪ್ರೊಟೆಕ್ಷನ್ ಡಯೋಡ್ ಎತ್ತಿದರೆ ಅಡಿಯಲ್ಲಿ ಹಸಿರು ಕಿಲುಬು. ಬ್ರಷ್ ಅಲ್ಲಿಗೆ ಮುಟ್ಟುವುದೇ ಇಲ್ಲ. ಉಗುರುಬೆಚ್ಚಗಿನ ಡಿಸ್ಟಿಲ್ಡ್ ನೀರಿನಲ್ಲಿ ಮೂರು ಸಲ ತೊಳೆದೆ. ಎರಡನೇ ನೀರಿಗೆ ಒಂದು ವಸ್ತು ಎರಡು ಹನಿ ಹಾಕುತ್ತೇನೆ, ಅದು ನನ್ನ ಹೊಟ್ಟೆಪಾಡು, ಬಿಟ್ಟುಬಿಡಿ. ಕೊನೆಗೆ ಐಪಿಎ, ನೀರನ್ನು ಹೊರಗೆ ಹಾಕುವುದಕ್ಕೆ. ಆಮೇಲೆ ಹಳೆಯ ಸ್ಟೀಲ್ ಟ್ರಂಕಿನೊಳಗೆ 60 ವ್ಯಾಟಿನ ಹಳದಿ ಬಲ್ಬ್ ಉರಿಸಿ ಒಂದೂವರೆ ದಿನ. ನಮ್ಮಮ್ಮ ಅದೇ ಟ್ರಂಕಿನಲ್ಲಿ ಹಪ್ಪಳ ಒಣಗಿಸಿಕೊಡು ಅಂದಿದ್ದಾರೆ. ಡಯೋಡ್ ಗುಜರಿ ಬೋರ್ಡಿನದು ಹಾಕಿದೆ. ಕೆಲವರು ಅದನ್ನು ತೆಗೆದು ಹಾಗೇ ಬಿಡುತ್ತಾರೆ. ನಾನು ಬಿಡುವುದಿಲ್ಲ.

ಉಸಿರು ಬಿಟ್ಟೆ, ಮೀಟರ್ 3.3ರಲ್ಲೇ ಕೂತಿತು. ಮೇಷ್ಟ್ರಿಂದ ಮತ್ತೆ ದುಡ್ಡು ಕೇಳುವ ಧೈರ್ಯ ಆಗಲಿಲ್ಲ, ಅವರೇ 500 ಇಟ್ಟು ಹೋದರು. ಇದಾಗಿ ಎರಡು ಮಳೆಗಾಲ ಕಳೆದಿದೆ, ವಾಪಸ್ ಬಂದಿಲ್ಲ.

ಈವರೆಗೆ ಇಪ್ಪತ್ತು ಇಪ್ಪತ್ತೆರಡು ಬೋರ್ಡ್ ತೊಳೆದಿರಬೇಕು. ಹದಿನಾರೋ ಹದಿನೇಳೋ ಎದ್ದಿವೆ. ಒಳಪದರದ ತಾಮ್ರವೇ ತಿಂದುಹೋಗಿದ್ದರೆ ನೀರು ಏನು ಮಾಡೀತು. ಈಗ ಒಂದಕ್ಕೆ 1,800 ತೆಗೆದುಕೊಳ್ಳುತ್ತೇನೆ. ಉಡುಪಿಯ ಗೆಳೆಯ ಕಳಿಸಿದ್ದಕ್ಕೆ 1,200, ನಕ್ಕಿದ್ದಕ್ಕೆ 100 ಸೇರಿಸಿ.

ಸದ್ಯ ಬೆಂಚಿನ ಮೇಲೆ ಗಂಗೊಳ್ಳಿಯ ಮೀನು ವ್ಯಾಪಾರಿಯೊಬ್ಬರ ಟ್ಯಾಬ್ ಇದೆ. ಟೈಪ್ ಸಿ. ಟೆಸ್ಟರ್‌ನಲ್ಲಿ ಫಾಸ್ಟ್ ಚಾರ್ಜಿನ 9 ವೋಲ್ಟಿಗೆ ಏರುವುದೇ ಇಲ್ಲ, 5ರಲ್ಲೇ ಕೂತಿದೆ, ಅರ್ಧ ಆಂಪಿಯರ್ ಕೂಡ ಎಳೆಯುವುದಿಲ್ಲ. ಎರಡು ಸಲ ತೊಳೆದೆ, ಜಗ್ಗಲಿಲ್ಲ. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಪೋರ್ಟಿನ ನಾಲಿಗೆಯ ಒಂದು ಪಿನ್ ಸವೆದೇ ಹೋಗಿದೆ. ನಾಳೆ ಪೋರ್ಟ್ ಬದಲಿಸಬೇಕು.