ವಾಲ್ವ್ ಆಂಪ್ ಗುಂಯ್ ಅನ್ನುತ್ತಿದ್ದರೆ

6.3 ವೋಲ್ಟ್ ಹೀಟರ್ ಲೈನಿನ (ವಾಲ್ವ್ ಒಳಗಿನ ತಂತಿ ಕಾಯಿಸುವ ಎಸಿ ಲೈನು) ಎರಡೂ ವೈರಿಗೆ ಒಂದೊಂದು 100 ಓಮ್, ಅರ್ಧ ವಾಟ್ ರೆಸಿಸ್ಟರ್ ಹಾಕಿ. ಅವೆರಡರ ಇನ್ನೊಂದು ತುದಿ ಸೇರಿಸಿ, ಗ್ರೌಂಡಿಗೆ ಬದಲು 6ವಿ6 ಔಟ್‌ಪುಟ್ ವಾಲ್ವಿನ ಕ್ಯಾಥೋಡಿಗೆ (ಎಲೆಕ್ಟ್ರಾನ್ ಹೊರಡುವ ತುದಿ) ಕೊಡಿ. ಅಲ್ಲಿ ಹತ್ತು ಹದಿನೈದು ವೋಲ್ಟ್ ಡಿಸಿ ಪುಕ್ಕಟೆ ಇರುತ್ತದಲ್ವಾ! ಆಗ ಹೀಟರ್, ಪ್ರೀಆಂಪ್ (ಮೊದಲ ಹಂತದ) ವಾಲ್ವ್ 12ಎಎಕ್ಸ್7ರ ಕ್ಯಾಥೋಡಿಗಿಂತ ಪಾಸಿಟಿವ್ ಆಗಿ, ಹೀಟರಿನಿಂದ ಆ ಕ್ಯಾಥೋಡಿಗೆ ಎಲೆಕ್ಟ್ರಾನ್ ಸೋರುವುದು, ಅದರ ಜೊತೆ 50 ಹರ್ಟ್ಸ್ ಗುಂಯ್ ಕೂಡ, ಕಡಿಮೆಯಾಗುತ್ತದೆ. 6ವಿ6 ಕ್ಯಾಥೋಡಿಗೆ ಬೈಪಾಸ್ ಕೆಪಾಸಿಟರ್ (ಅಲ್ಲಿಯ ಎಸಿಯನ್ನು ಗ್ರೌಂಡಿಗೆ ದಾಟಿಸುವುದು) ಇರಲೇಬೇಕು. ಹೀಟರ್ ಲೈನ್ ಮೊದಲೇ ಗ್ರೌಂಡ್ ಆಗಿದ್ದರೆ ಆ ಗ್ರೌಂಡ್ ಸಂಪರ್ಕ ಬಿಚ್ಚಿ, ಇಲ್ಲದಿದ್ದರೆ ಬಯಾಸ್ (ವಾಲ್ವಿನ ಕರೆಂಟನ್ನು ಹದದಲ್ಲಿಡುವ ವೋಲ್ಟೇಜ್) ಹೋಗಿ ವಾಲ್ವ್ ಕೆಂಪಗೆ ಕಾಯುತ್ತದೆ. ಫಿಕ್ಸೆಡ್ ಬಯಾಸ್ (ಬಯಾಸ್ ಬೇರೆ ಕಡೆಯಿಂದ ಬಂದು, ಕ್ಯಾಥೋಡ್ ಗ್ರೌಂಡಿಗೇ ಇರುವ) ಆಂಪಿಗೆ ಈ ಉಪಾಯ ನಡೆಯಲ್ಲ. ಸದ್ದು 50 ಹರ್ಟ್ಸ್ ಅಲ್ಲ, 100ರ ಒರಟು ಗುರ್ ಆಗಿದ್ದರೆ ಪವರ್ ಸಪ್ಲೈನ ಫಿಲ್ಟರ್ ಕೆಪಾಸಿಟರ್ ನೋಡಿ. ಪ್ಲಗ್ ಕಿತ್ತ ಮೇಲೂ ಅದರಲ್ಲಿ 300 ವೋಲ್ಟ್ ಉಳಿದಿರಬಹುದು, ಖಾಲಿ ಮಾಡಿ, ಮೀಟರ್ ಇಟ್ಟು ನೋಡಿಯೇ ಕೈ ಹಾಕಿ.